ಎಂಬ್ರೇಯರ್ 175: ಬಳ್ಳಾರಿ ಸೀಮೆಯ ಬಿಸಿಲಿಗೂ ಜನಸಂಖ್ಯೆಗೂ ಒಪ್ಪುವ ಜೆಟ್

ಟಿಕೆಟ್ ತೆಗೆಯುವ ಮುಂಚೆ ದರದ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಇರುವ ವಿಮಾನದ ಸಂಕೇತವನ್ನು ಒಮ್ಮೆ ನೋಡಿಕೊಳ್ಳಿ. ‘ಇ75’ ಎಂದಿದ್ದರೆ ಅದು ಬ್ರೆಜಿಲ್‌ನ ಎಂಬ್ರೇಯರ್ ಕಂಪನಿಯ 175. ‘ಇಆರ್4’ ಎಂದಿದ್ದರೆ ಅದೇ ಕಂಪನಿಯ ಹಳೆಯ 50 ಸೀಟಿನ 145. ‘ಎಟಿ7’ ಎಂದಿದ್ದರೆ ಪ್ರೊಪೆಲ್ಲರ್ ತಿರುಗುವ ಎಟಿಆರ್ 72. ಮೂರೂ ಸಣ್ಣ ನಿಲ್ದಾಣಗಳ ವಿಮಾನಗಳೇ. ಆದರೆ ಒಳಗೆ ಕೂತಾಗಿನ ಅನುಭವ, ಬ್ಯಾಗು ಹಿಡಿಯುವ ಜಾಗ, ಬಿಸಿಲಿಗೆ ತಡೆದುಕೊಳ್ಳುವ ಶಕ್ತಿ, ಕೆಟ್ಟರೆ ಆಗುವ ತೊಂದರೆ ಒಂದೊಂದರಲ್ಲೂ ಬೇರೆ ಬೇರೆ. ಇಲ್ಲಿ ಬರೆಯುತ್ತಿರುವುದು 175ರ ಬಗ್ಗೆ. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಂಥ ಜಾಗಕ್ಕೆ ಇದಕ್ಕಿಂತ ಒಪ್ಪುವ ಜೆಟ್ ಸದ್ಯಕ್ಕೆ ಬೇರೆ ಇಲ್ಲ. ಏಕೆ ಎನ್ನುವುದಕ್ಕೆ ಕಾರಣಗಳಿವೆ, ಎಲ್ಲಿ ಒಪ್ಪುವುದಿಲ್ಲ ಎನ್ನುವುದಕ್ಕೂ ಕಾರಣಗಳಿವೆ.

ಮೊದಲು ಇದರ ಜಾತಕ. ಎಂಬ್ರೇಯರ್ 1969ರಲ್ಲಿ ಸಾವೊ ಜೋಸೆ ದೊಸ್ ಕಾಂಪೊಸ್ ಎಂಬ ಊರಿನಲ್ಲಿ ಹುಟ್ಟಿದ ಕಂಪನಿ. 170, 175, 190, 195 ಎಂಬ ನಾಲ್ಕು ವಿಮಾನಗಳನ್ನು ಒಂದೇ ಕುಟುಂಬವಾಗಿ ರೂಪಿಸಿತು. ಹಿರಿಯಣ್ಣ 170 ಮೊದಲು ಹಾರಿದ್ದು 2002ರ ಫೆಬ್ರವರಿಯಲ್ಲಿ. ಅದನ್ನೇ ಸ್ವಲ್ಪ ಉದ್ದ ಮಾಡಿದ 175 ಮರುವರ್ಷ ಹಾರಿತು, 2005ರಲ್ಲಿ ಏರ್ ಕೆನಡಾ ಮೂಲಕ ಪ್ರಯಾಣಿಕರ ಸೇವೆಗೆ ಬಂತು. ಭಾರತಕ್ಕೂ ಇದು ತೀರಾ ಹೊಸ ಮುಖವಲ್ಲ. ತಮಿಳುನಾಡಿನ ಪ್ಯಾರಾಮೌಂಟ್ ಏರ್‌ವೇಸ್ 2005ರಿಂದ ಕೆಲವು ವರ್ಷ ಇದೇ ಕುಟುಂಬದ ವಿಮಾನಗಳನ್ನು ಹಾರಿಸಿ ನಿಂತುಹೋಯಿತು. ಈಗ ಕರ್ನಾಟಕದ ಸಣ್ಣ ಊರುಗಳ ಮಾರ್ಗದಲ್ಲಿ ಇದನ್ನು ಹಾರಿಸುವುದು ಸ್ಟಾರ್ ಏರ್. 2019ರ ಜನವರಿಯಲ್ಲಿ 145ರೊಂದಿಗೆ ಆರಂಭಿಸಿ, 2023ರಲ್ಲಿ 175ನ್ನು ಸೇರಿಸಿಕೊಂಡಿತು. ಎರಡೂ ಮಾದರಿ ಕೈಯಲ್ಲಿರುವುದರಿಂದಲೇ ಸಂಕೇತ ನೋಡಿ ಎಂದು ಹೇಳಿದ್ದು.

ಉದ್ದ 31.68 ಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 26 ಮೀಟರ್, ತುದಿಯನ್ನು ಹಿಗ್ಗಿಸಿದ ಹೊಸ ಮಾದರಿಗಳಲ್ಲಿ 28.65. ರೆಕ್ಕೆಯ ಕೆಳಗೆ ಜನರಲ್ ಎಲೆಕ್ಟ್ರಿಕ್‌ನ ಸಿಎಫ್34-8ಇ ಎಂಜಿನ್ ಎರಡು, ಒಂದೊಂದರದು ಗರಿಷ್ಠ 14,200 ಪೌಂಡ್ ಥ್ರಸ್ಟ್, ಅಂದರೆ ತಳ್ಳುವ ಬಲ. ಧ್ವನಿವೇಗದ 0.82ರಷ್ಟು ವೇಗಕ್ಕೂ 41,000 ಅಡಿ ಎತ್ತರಕ್ಕೂ ಅನುಮತಿ ಇದೆ. ಒತ್ತಾಗಿ ಹಾಕಿದರೆ 88 ಸೀಟು ಹಿಡಿಯುತ್ತದೆ. ನಮ್ಮಲ್ಲಿ ಕಾಣುವುದು 76 ಸೀಟಿನದು: ಮುಂದೆ ಬಿಸಿನೆಸ್ 12, ಹಿಂದೆ ಇಕಾನಮಿ 64.

ಈ 76ರ ಲೆಕ್ಕ ಎಲ್ಲಿಂದ ಬಂತು ಎನ್ನುವುದು ತಿಳಿದರೆ ವಿಮಾನದ ಅರ್ಧ ಗುಣ ಅರ್ಥವಾಗುತ್ತದೆ. ಅಮೆರಿಕದಲ್ಲಿ ದೊಡ್ಡ ವಿಮಾನಯಾನ ಕಂಪನಿಗಳಿಗೂ ಅಲ್ಲಿನ ಪೈಲಟ್ ಸಂಘಗಳಿಗೂ ಕರಾರು ಇದೆ. ಉಪಗುತ್ತಿಗೆಯ ಸಣ್ಣ ಕಂಪನಿಗಳು ಹಾರಿಸುವ ವಿಮಾನದಲ್ಲಿ 76ಕ್ಕಿಂತ ಹೆಚ್ಚು ಸೀಟು ಇರಬಾರದು, ಟೇಕಾಫ್ ತೂಕ 86,000 ಪೌಂಡ್ ಮೀರಬಾರದು. ಅಂದರೆ 39 ಟನ್. 175 ಆ ಅಳತೆಗೆ ಸರಿಯಾಗಿ ಕೂತಿತು, ಅಮೆರಿಕದಲ್ಲಿ ನೂರುಗಟ್ಟಲೆ ಮಾರಾಟವಾಯಿತು. ಇದರ ಹೊಸ ಪೀಳಿಗೆ 175-ಇ2 2019ರ ಡಿಸೆಂಬರಿನಲ್ಲಿ ಹಾರಿಯೂ ಮುಂದುವರಿಯದಿರುವುದಕ್ಕೆ ಕಾರಣ ಅದೇ ಕರಾರು. ಹೊಸ ಎಂಜಿನ್ ಭಾರ, ತೂಕ ಮಿತಿ ಮೀರಿತು.

ಈಗ ನಮ್ಮ ಕಾನೂನಿಗೆ ಬನ್ನಿ. ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ 14ನೇ ಕಲಮಿನ ಪ್ರಕಾರ, ಗರಿಷ್ಠ ಟೇಕಾಫ್ ತೂಕ 40,000 ಕೆಜಿಗಿಂತ ಕಡಿಮೆ ಇರುವ, ನಿಗದಿತ ಸೇವೆಯ ವಿಮಾನಕ್ಕೆ ಮಾರುವ ಇಂಧನ ‘ಘೋಷಿತ ಸರಕು’. ಅದರ ಮೇಲೆ ರಾಜ್ಯಗಳು ತಮಗೆ ತೋಚಿದಷ್ಟು ತೆರಿಗೆ ಹಾಕುವಂತಿಲ್ಲ, ಶೇ 5ಕ್ಕೆ ಕಟ್ಟು. ಏರ್‌ಬಸ್ 320, ಬೋಯಿಂಗ್ 737ಕ್ಕೆ ಈ ರಿಯಾಯಿತಿ ಇಲ್ಲ, ಅವು ಎಪ್ಪತ್ತು ಟನ್ನಿನ ಮೇಲಿನವು. ಇಂಧನವೇ ದೊಡ್ಡ ಖರ್ಚಾದ ಈ ಧಂದೆಯಲ್ಲಿ ಒಂದು ಜೆಟ್ 40 ಟನ್ನಿನ ಒಳಗೆ ನಿಂತಿದೆ ಎನ್ನುವುದು ಸಣ್ಣ ಮಾತಲ್ಲ. ಅಮೆರಿಕದ ಕರಾರಿನ ಅಳತೆಗೆ ಹೊಲಿದ ಅಂಗಿ ಭಾರತದ ತೆರಿಗೆ ನಿಯಮಕ್ಕೂ ಮೈಗೆ ಕೂತಿತು. ಸಣ್ಣ ಊರಿಗೆ ಜೆಟ್ ಬಂದಿರುವುದಕ್ಕೆ ಉಡಾನ್ ಯೋಜನೆಯಷ್ಟೇ ಈ ಒಂದು ಕಲಮೂ ಕಾರಣ.

ಒಳಗೆ ಕಾಲಿಟ್ಟರೆ ಮೊದಲು ಮನಸ್ಸಿಗೆ ಬರುವುದು ನಡುವಿನ ಸೀಟು ಇಲ್ಲದಿರುವುದು. ಇಕಾನಮಿಯಲ್ಲಿ ಆಚೆ ಎರಡು, ಈಚೆ ಎರಡು. ಗಂಡ ಹೆಂಡತಿ, ಅಮ್ಮ ಮಗು, ಯಾರು ಜೋಡಿಯಾಗಿ ಹೋದರೂ ಮೂರನೆಯವರ ಮೊಣಕೈ ತಾಗುವುದಿಲ್ಲ. 76 ಸೀಟಿನ ವಿನ್ಯಾಸದಲ್ಲಿ ಬಿಸಿನೆಸ್ ಒಂದು ಕಡೆ ಒಂದೇ ಸೀಟು, ಇನ್ನೊಂದು ಕಡೆ ಎರಡು. ಒಬ್ಬರೇ ಹೋಗುವವರಿಗೆ ಆ ಒಂಟಿ ಸಾಲು ಚೊಕ್ಕ: ಕಿಟಕಿಯೂ ನಿಮ್ಮದೇ, ಓಡಾಟದ ದಾರಿಯೂ ನಿಮ್ಮದೇ.

ವಿಮಾನದ ಹೊಟ್ಟೆಯನ್ನು ಅಡ್ಡ ಕೊಯ್ದು ನೋಡಿದರೆ ಅದು ಪೂರ್ತಿ ದುಂಡಗಿಲ್ಲ. ಎರಡು ವೃತ್ತಗಳನ್ನು ಒಂದರ ಮೇಲೊಂದು ಕೂಡಿಸಿದ ಆಕಾರ. ಹೊರಗಿನ ಎತ್ತರ 3.35 ಮೀಟರ್, ಅಗಲ 3.01. ಕೂತವರ ಭುಜ, ಮೊಣಕೈ ಬರುವ ಮಟ್ಟದಲ್ಲೇ ಅತಿ ಹೆಚ್ಚು ಅಗಲ ಸಿಗುವಂತೆ ಹೀಗೆ ಮಾಡಿದ್ದಾರೆ. ಒಳಗಿನ ಅಗಲ 2.74 ಮೀಟರ್, ಎತ್ತರ ಎರಡು ಮೀಟರ್. ಆರಡಿ ಆಳು ತಲೆ ಬಗ್ಗಿಸದೆ ನಡೆಯಬಹುದು. 145ರ ಒಳಗಿನ ಎತ್ತರ 1.82 ಮೀಟರ್ ಮಾತ್ರ, ಅದರಲ್ಲಿ ಎತ್ತರದವರು ಕುತ್ತಿಗೆ ವಾಲಿಸಿಯೇ ಹೋಗಬೇಕು. 175ರ ಸೀಟಿನ ಅಗಲ ಸುಮಾರು 18 ಇಂಚು, 737ಕ್ಕಿಂತ ಒಂದು ಇಂಚು ಹೆಚ್ಚು. ಒಂದು ಇಂಚೇನು ಮಹಾ ಅನ್ನಿಸಬಹುದು. ಬಳ್ಳಾರಿಯಿಂದ ದೂರದ ಊರಿಗೆ ನೇರ ವಿಮಾನ ಹತ್ತಿ ಎರಡು ತಾಸು ಕೂತರೆ ಅದರ ಬೆಲೆ ಗೊತ್ತಾಗುತ್ತದೆ.

ತಲೆಯ ಮೇಲಿನ ಪೆಟ್ಟಿಗೆ ಎರಡೂ ಕಡೆ ಇದೆ. 55 × 35 × 25 ಸೆಂ.ಮೀ. ಅಳತೆಯ ಚಕ್ರದ ಬ್ಯಾಗು ಉದ್ದಕ್ಕೆ ಮಲಗಿಸಿದರೆ ಹಿಡಿಯುತ್ತದೆ. ಉಬ್ಬಿದ ಮುಂಜೇಬು ಇದ್ದರೆ ಮಾತ್ರ ಬಾಗಿಲು ಮುಚ್ಚುವುದಿಲ್ಲ, ಜೇಬಿನಲ್ಲಿರುವುದನ್ನು ತೆಗೆದು ಕೆಳಗಿಟ್ಟುಕೊಳ್ಳಿ. 145ರಲ್ಲಿ ಪೆಟ್ಟಿಗೆ ಜೋಡಿ ಸೀಟಿನ ಕಡೆ ಮಾತ್ರ, ಅದೂ ಕಿರಿದು. ಅಲ್ಲಿ ಚಕ್ರದ ಬ್ಯಾಗನ್ನು ವಿಮಾನದ ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಔಷಧಿ, ಕಾಗದಪತ್ರ, ಪವರ್ ಬ್ಯಾಂಕ್ ಅದರೊಳಗೆ ಇದ್ದರೆ ಕೊಡುವ ಮುಂಚೆಯೇ ಹೊರಗೆ ತೆಗೆದುಕೊಳ್ಳಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಷ್ಟೇ ಇರಬೇಕು ಎಂಬುದು ಎಲ್ಲ ವಿಮಾನಕ್ಕೂ ಇರುವ ನಿಯಮ. ಮಿತಿ 100 ವ್ಯಾಟ್-ಅವರ್, ಅಂದರೆ ಸುಮಾರು 27,000 ಎಂಎಎಚ್.

ಸಾಮಾನಿನ ಮಾತು ಬಂದಿದ್ದಕ್ಕೆ ನಮ್ಮ ಕಡೆಯವರಿಗೆ ಇನ್ನೊಂದು ಮಾತು. ರೊಟ್ಟಿಗೆ ಯಾವ ಅಡ್ಡಿಯೂ ಇಲ್ಲ, ಕೈಚೀಲದಲ್ಲೇ ಇಟ್ಟುಕೊಳ್ಳಿ, ಕೆಳಗೆ ಹಾಕಿದರೆ ಪುಡಿಯಾಗುತ್ತದೆ. ಖಾರದಪುಡಿ, ಉಪ್ಪಿನಕಾಯಿ ತಪಾಸಣೆಯಲ್ಲಿ ನಿಲ್ಲುತ್ತವೆ, ಅವನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಿ, ಎಣ್ಣೆ ಸೋರದಂತೆ ಎರಡು ಕವರು ಸುತ್ತಿ. ಒಣ ಕೊಬ್ಬರಿ ಮಾತ್ರ ಕೆಳಗಿನ ಪೆಟ್ಟಿಗೆಯಲ್ಲೂ ನಡೆಯುವುದಿಲ್ಲ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಕಾದು ಹೊತ್ತಿಕೊಳ್ಳಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಮದುವೆ, ಸೀಮಂತಕ್ಕೆ ಕೊಬ್ಬರಿ ಬಟ್ಟಲು ಒಯ್ಯುವವರು ಇಳಿದ ಊರಲ್ಲೇ ಕೊಳ್ಳುವುದು ಲೇಸು. ತೂಕ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕೆಜಿ, ಕೈಚೀಲಕ್ಕೆ 7 ಕೆಜಿ. ದೊಡ್ಡ ವಿಮಾನದಲ್ಲಿ ಒಂದೆರಡು ಕೆಜಿ ಹೆಚ್ಚಾದರೆ ಕಣ್ಣು ಮುಚ್ಚುವುದುಂಟು. ಇಲ್ಲಿ ತೂಕವನ್ನು ಬಿಗಿಯಾಗಿ ಹಿಡಿಯಲು ಕಾರಣವಿದೆ. ಅದು ಬಿಸಿಲಿನ ಲೆಕ್ಕ, ಸ್ವಲ್ಪ ನಿಧಾನವಾಗಿ ನೋಡೋಣ.

ತೋರಣಗಲ್ಲು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಏಪ್ರಿಲ್, ಮೇ ಮಧ್ಯಾಹ್ನ 42 ಡಿಗ್ರಿ ಎಂದಿಟ್ಟುಕೊಳ್ಳಿ. ವಿಮಾನದ ಪುಸ್ತಕದಲ್ಲಿ ಎಲ್ಲ ಲೆಕ್ಕವೂ ಸಮುದ್ರಮಟ್ಟ, 15 ಡಿಗ್ರಿಯ ಗಾಳಿಗೆ ಹೋಲಿಸಿ ನಡೆಯುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನದ ಗಾಳಿ ಅದಕ್ಕಿಂತ ಸುಮಾರು ಶೇ 14ರಷ್ಟು ತೆಳು. ವಿಮಾನದ ರೆಕ್ಕೆಗೆ ತಾನು 500 ಮೀಟರಿನಲ್ಲಿ ಇಲ್ಲ, 1,600 ಮೀಟರ್ ಎತ್ತರದ ಬೆಟ್ಟದ ಮೇಲಿನ ನಿಲ್ದಾಣದಲ್ಲಿದ್ದೇನೆ ಎಂಬಂತೆ ಆಗುತ್ತದೆ. ಗಾಳಿ ತೆಳುವಾದರೆ ಮೂರು ಕಡೆಯಿಂದ ಪೆಟ್ಟು. ರೆಕ್ಕೆಗೆ ಅದೇ ಭಾರ ಎತ್ತಲು ನೆಲದ ಮೇಲೆ ಶೇ 8ರಷ್ಟು ಹೆಚ್ಚು ವೇಗ ಬೇಕು. ಎಂಜಿನ್ ಒಂದು ಮಿತಿಯ ತಾಪಮಾನದವರೆಗೆ ಪೂರ್ತಿ ಥ್ರಸ್ಟ್ ಕೊಡುತ್ತದೆ, ಅದನ್ನು ದಾಟಿದರೆ ಒಳಗಿನ ಟರ್ಬೈನ್ ಸುಡದಂತೆ ಥ್ರಸ್ಟನ್ನು ಇಳಿಸಲೇಬೇಕು. ಹೆಚ್ಚು ವೇಗ ಬೇಕು, ತಳ್ಳುವ ಬಲ ಕಡಿಮೆ. ಹಾಗಾಗಿ ರನ್‌ವೇ ಉದ್ದ ಬೇಕು. ಮೂರನೆಯದು ಏರಿಕೆ: ಟೇಕಾಫ್ ಹೊತ್ತಿಗೆ ಒಂದು ಎಂಜಿನ್ ಕೈಕೊಟ್ಟರೂ ಉಳಿದ ಒಂದರ ಮೇಲೆ, ಚಕ್ರ ಮಡಚಿಕೊಂಡ ಮೇಲೆ, ಕನಿಷ್ಠ ಶೇ 2.4ರ ಏರಿಕೆ ಸಾಧ್ಯವಿರಬೇಕು ಎಂಬುದು ಎರಡು ಎಂಜಿನ್ ವಿಮಾನಗಳ ನಿಯಮ. ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 2.4 ಮೀಟರ್ ಮೇಲೆ. ದಕ್ಷಿಣಕ್ಕೆ ಸಂಡೂರು ಗುಡ್ಡಸಾಲು ಇರುವ ಜಾಗದಲ್ಲಿ ಈ ಲೆಕ್ಕವನ್ನು ಯಾರೂ ಸಡಿಲ ಬಿಡುವುದಿಲ್ಲ. 175ರಲ್ಲಿ ಒಂದು ಎಂಜಿನ್ ನಿಂತ ಕೂಡಲೇ ಇನ್ನೊಂದು ತಾನಾಗಿ ಹೆಚ್ಚುವರಿ ಥ್ರಸ್ಟಿಗೆ ಏರುವ ವ್ಯವಸ್ಥೆ ಇದೆ. ಅದು ದೊಡ್ಡ ಆಸರೆ. ಆದರೆ ಆ ಆಸರೆಯೂ ತೆಳುಗಾಳಿಗೆ ಸೋಲುತ್ತದೆ.

ಉಳಿದ ದಾರಿ ಒಂದೇ, ತೂಕ ಇಳಿಸುವುದು. ಇಂಧನ ಇಳಿಸುವಂತಿಲ್ಲ, ಅದಕ್ಕೆ ಕನಿಷ್ಠ ನಿಯಮ ಇದೆ. ಹಾಗಾಗಿ ಕೆಲವು ಪೆಟ್ಟಿಗೆ ಹಿಂದೆ ಉಳಿಯುತ್ತವೆ, ಇಲ್ಲವೇ ಒಂದಷ್ಟು ಸೀಟನ್ನು ಮಾರಾಟವನ್ನೇ ಮಾಡುವುದಿಲ್ಲ.

ಇಷ್ಟು ಓದಿ ಹೆದರಬೇಕಿಲ್ಲ. ಬೆಂಗಳೂರು, ಹೈದರಾಬಾದಿನಷ್ಟು ಹತ್ತಿರದ ಊರಿಗೆ ಈ ವಿಮಾನ ಹಗುರವಾಗಿಯೇ ಏಳುತ್ತದೆ. ಖಾಲಿ ತೂಕ ಸುಮಾರು 22 ಟನ್. 76 ಜನ, ಅವರ ಸಾಮಾನು ಸೇರಿ ತಲೆಗೆ 90 ಕೆಜಿ ಹಿಡಿದರೆ ಹತ್ತಿರಹತ್ತಿರ 7 ಟನ್. ಹೋಗುವ ಇಂಧನ, ಬದಲಿ ನಿಲ್ದಾಣದ ಇಂಧನ, ಕಾಯುವ ಇಂಧನ ಎಲ್ಲ ಸೇರಿ 4 ಟನ್. ಒಟ್ಟು 33 ಟನ್. ವಿನ್ಯಾಸದ ಮಿತಿ 37ರಿಂದ 40 ಟನ್, ಮಾದರಿಯ ಮೇಲೆ. ಅಂದರೆ ನಾಲ್ಕು ಟನ್ ಅಥವಾ ಅದಕ್ಕೂ ಹೆಚ್ಚು ಕೈಯಲ್ಲಿ ಉಳಿದಿದೆ. ಅದೇ ದೆಹಲಿಗೆ ನೇರ ಎಂದರೆ 1,500 ಕಿ.ಮೀ. ಇಂಧನವೇ ಮೂರು ಟನ್ ಹೆಚ್ಚು, ಅದು ಮೂವತ್ತು ಜನರ ತೂಕ. ಮೇ ತಿಂಗಳ ಎರಡು ಗಂಟೆಗೆ ಆ ತೂಕದಲ್ಲಿ ಏಳುವುದಕ್ಕೂ ಬೆಳಗಿನ ಏಳಕ್ಕೆ, 27 ಡಿಗ್ರಿಯಲ್ಲಿ ಏಳುವುದಕ್ಕೂ ಅಜಗಜಾಂತರ. ಆದ್ದರಿಂದ ಈ ಭಾಗದಿಂದ ದೂರದ ಮಾರ್ಗ ಕೇಳುವವರು ವಿಮಾನ ಬೇಕು ಎಂದಷ್ಟೇ ಕೇಳಬಾರದು, ಬೆಳಗಿನ ವಿಮಾನ ಬೇಕು ಎಂದು ಕೇಳಬೇಕು.

ಇಲ್ಲೇ ಇದರ ದೌರ್ಬಲ್ಯವನ್ನೂ ಹೇಳಿಬಿಡಬೇಕು. ತೋರಣಗಲ್ಲಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 250 ಕಿ.ಮೀ., ಹೈದರಾಬಾದಿನ ನಿಲ್ದಾಣವಿರುವ ಶಂಷಾಬಾದಿಗೆ 300. ಇಷ್ಟು ಗಿಡ್ಡ ದಾರಿಯಲ್ಲಿ ಜೆಟ್ಟಿನ ವೇಗ ಕೆಲಸಕ್ಕೇ ಬರುವುದಿಲ್ಲ. ಏರುತ್ತಲೇ ಇಳಿಯುವ ಹೊತ್ತು. 41,000 ಅಡಿಗೆ ಹೋಗಬಲ್ಲ ಯಂತ್ರ ಅದರ ಅರ್ಧದ ಆಸುಪಾಸಿನಲ್ಲೇ ಉಳಿದು, ಜೆಟ್ ಎಂಜಿನ್ ಹೆಚ್ಚು ಇಂಧನ ಕುಡಿಯುವ ದಪ್ಪ ಗಾಳಿಯಲ್ಲಿ ಹಾರುತ್ತದೆ. ಗಂಟೆಗೆ 510 ಕಿ.ಮೀ. ಹೋಗುವ ಎಟಿಆರ್ ಇದೇ ದಾರಿಯನ್ನು ಹತ್ತು ನಿಮಿಷ ಹೆಚ್ಚು ತೆಗೆದುಕೊಂಡು ಮುಗಿಸುತ್ತದೆ, ಇಂಧನವನ್ನೂ ಕಡಿಮೆ ಕುಡಿಯುತ್ತದೆ. ಟ್ರೂಜೆಟ್, ಅಲಯನ್ಸ್ ಏರ್ ಎರಡೂ ವಿದ್ಯಾನಗರಕ್ಕೆ ಎಟಿಆರ್ ಹಾರಿಸಿದ್ದು ಸುಮ್ಮನೆ ಅಲ್ಲ. ಬೆಂಗಳೂರಿಗೆ ಹೋಗುವುದಷ್ಟೇ ಗುರಿಯಾದರೆ 175 ಕೊಡುವ ಹೆಚ್ಚುವರಿ ಲಾಭ ಸೌಕರ್ಯ ಮಾತ್ರ: ಕಡಿಮೆ ಅದುರು, ಕಡಿಮೆ ಸದ್ದು, ಅಗಲ ಸೀಟು. ಮಳೆಗಾಲದ ಮೋಡದ ನಡುವೆ ಆ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಈ ವಿಮಾನದ ನಿಜವಾದ ಕಸುವು ಇರುವುದು ಒಂದೂವರೆ, ಎರಡು ಗಂಟೆಯ ಮಾರ್ಗದಲ್ಲಿ. 590 ಕಿ.ಮೀ. ದೂರದ ಮುಂಬೈಗೆ, ಅಲ್ಲಿಂದಾಚೆಯ ಅಹಮದಾಬಾದಿಗೆ, ದೆಹಲಿಗೆ. ಉಕ್ಕು, ಗಣಿ, ಜೀನ್ಸ್ ಉಡುಪಿನ ವ್ಯಾಪಾರ ಇರುವ ಊರಿಗೆ 180 ಸೀಟಿನ ವಿಮಾನ ದಿನಾ ತುಂಬುವುದು ಕಷ್ಟ, 76 ತುಂಬುತ್ತದೆ. ಎಟಿಆರ್‌ನಲ್ಲಿ ದೆಹಲಿಗೆ ಹೋಗುವುದು ಮೂರು ತಾಸಿನ ಹಿಂಸೆ. ಆ ನಡುವಿನ ಖಾಲಿ ಜಾಗವನ್ನು ತುಂಬಲೆಂದೇ 175 ಹುಟ್ಟಿರುವುದು.

ತಡ ಏಕಾಗುತ್ತದೆ ಎಂಬುದು ಎಲ್ಲರ ಪ್ರಶ್ನೆ. ಸಣ್ಣ ಕಂಪನಿಯ ಹತ್ತಿರ ವಿಮಾನಗಳ ಸಂಖ್ಯೆ ಕಡಿಮೆ. ಒಂದೇ ವಿಮಾನ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾಲ್ಕೈದು ಊರು ಸುತ್ತುತ್ತದೆ. ಎರಡನೆಯ ಊರಿನಲ್ಲಿ ನಲವತ್ತು ನಿಮಿಷ ಕಳೆದುಕೊಂಡರೆ ಐದನೆಯ ಊರಿನವರು ಅದನ್ನು ಅನುಭವಿಸುತ್ತಾರೆ. ಹಾಗಾಗಿ ದಿನದ ಮೊದಲ ಸುತ್ತು ಹಿಡಿಯುವುದು ಜಾಣತನ. ನಿಮ್ಮ ವಿಮಾನ ಈಗ ಎಲ್ಲಿದೆ ಎಂದು ಮೊಬೈಲಿನ ವಿಮಾನ ಜಾಡಿನ ಆ್ಯಪ್‌ನಲ್ಲಿ ನೋಡಿದರೆ, ಕಂಪನಿಯ ಸಂದೇಶ ಬರುವ ಮುಂಚೆಯೇ ತಡ ಎಷ್ಟು ಎಂದು ಅಂದಾಜು ಸಿಗುತ್ತದೆ.

ಯಂತ್ರದ ಕಡೆಯಿಂದ ಸಣ್ಣ ನಿಲ್ದಾಣದಲ್ಲಿ ಹೆಚ್ಚು ಕಾಡುವುದು ಎಪಿಯು. ಬಾಲದ ತುದಿಯಲ್ಲಿರುವ ಸಣ್ಣ ಟರ್ಬೈನ್ ಅದು. ನಿಂತಾಗ ಕರೆಂಟು, ಎಸಿಗೆ ಗಾಳಿ, ಎಂಜಿನ್ ಚಾಲೂ ಮಾಡಲು ಒತ್ತಡದ ಗಾಳಿ ಮೂರನ್ನೂ ಅದೇ ಕೊಡುವುದು. ಅದು ಕೆಟ್ಟರೂ ನಿಯಮದ ಪ್ರಕಾರ ವಿಮಾನ ಹಾರಬಹುದು. ಆದರೆ ಎಂಜಿನ್ ಚಾಲೂ ಮಾಡಲು ನೆಲದ ಮೇಲೆ ಗಾಳಿ ಕೊಡುವ ಗಾಡಿ ಬೇಕು. ದೊಡ್ಡ ನಿಲ್ದಾಣದಲ್ಲಿ ಅಂಥ ಗಾಡಿ ಸಾಲಾಗಿ ನಿಂತಿರುತ್ತವೆ, ಸಣ್ಣದರಲ್ಲಿ ಇರುವುದು ಖಾತ್ರಿಯಲ್ಲ. ಇಲ್ಲದ ಕಡೆ ಒಂದು ಎಂಜಿನ್ ಆರಿಸದೆಯೇ ಜನ ಇಳಿಸಿ ಹತ್ತಿಸಬೇಕು, ಇಲ್ಲವೇ ಆ ಊರನ್ನೇ ಬಿಡಬೇಕು. ಎಪಿಯು ಚೆನ್ನಾಗಿದ್ದರೂ 42 ಡಿಗ್ರಿಯಲ್ಲಿ ಬಿಸಿಲಿಗೆ ನಿಂತ ವಿಮಾನವನ್ನು ಅದೊಂದೇ ತಣಿಸುವುದು ಕಷ್ಟ. ಕೂತ ಮೊದಲ ಹದಿನೈದು ನಿಮಿಷ ಬೆವರುವುದು ಸಹಜ, ಎಂಜಿನ್ ಎರಡೂ ತಿರುಗಿದ ಮೇಲೆ ಸರಿಹೋಗುತ್ತದೆ. ಹತ್ತಿದ ತಕ್ಷಣ ಬಿಸಿಲು ಬೀಳುವ ಕಡೆಯ ಕಿಟಕಿಯ ಪರದೆ ಎಳೆದರೆ ಎಲ್ಲರಿಗೂ ಉಪಕಾರ.

ಬ್ರೇಕಿನದೂ ಬಿಸಿಲಿನದೇ ಕತೆ. ಇಳಿದ ವಿಮಾನದ ಬ್ರೇಕು ನೂರಾರು ಡಿಗ್ರಿ ಕಾದಿರುತ್ತದೆ. ಮತ್ತೆ ಏಳುವಾಗ ಅರ್ಧದಲ್ಲಿ ನಿಲ್ಲಿಸಬೇಕಾಗಿ ಬಂದರೆ ಆ ಬ್ರೇಕು ಪೂರ್ತಿ ಬಲ ಕೊಡುವಂತಿರಬೇಕು. ಅದು ತಣಿಯುವವರೆಗೆ ಪೈಲಟ್ ಹೊರಡುವುದಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ತಿರುಗಬೇಕಾದ ವಿಮಾನ ಬೇಸಿಗೆಯಲ್ಲಿ ನಲವತ್ತು ನಿಮಿಷ ನಿಂತರೆ ಸಿಬ್ಬಂದಿಯ ಮೇಲೆ ಸಿಟ್ಟಾಗುವುದು ಬೇಡ.

ಇನ್ನೊಂದು ದೂಳು. 175ರ ಎಂಜಿನ್ ರೆಕ್ಕೆಯ ಕೆಳಗೆ, ನೆಲಕ್ಕೆ ಹತ್ತಿರ ತೂಗುತ್ತದೆ. 145ರ ಎಂಜಿನ್ ಬಾಲದ ಹತ್ತಿರ ಎತ್ತರದಲ್ಲಿದೆ, ಎಟಿಆರ್‌ನದು ರೆಕ್ಕೆಯ ಮಟ್ಟದಲ್ಲಿ, ರೆಕ್ಕೆಯೇ ಹೊಟ್ಟೆಯ ಮೇಲಿದೆ. ಅವೆರಡಕ್ಕೂ ಜಲ್ಲಿ, ಕಲ್ಲುಚೂರು ತಗಲುವ ಭಯ ಕಡಿಮೆ. ಅದಿರಿನ ದೂಳು ಹಾರುವ ಸೀಮೆಯಲ್ಲಿ 175 ಬರುವ ನಿಲ್ದಾಣದ ಅಂಗಳವನ್ನು ಪ್ರತಿ ಸುತ್ತಿಗೂ ಗುಡಿಸಿಡಬೇಕು. ಫ್ಯಾನಿನ ಒಂದು ಅಲಗಿನ ಅಂಚಿಗೆ ಉಗುರಿನಷ್ಟು ಮುಕ್ಕು ಬಿದ್ದರೂ ಎಂಜಿನಿಯರ್ ಅಳೆದು, ಉಜ್ಜಿ, ಸಹಿ ಹಾಕದೆ ವಿಮಾನ ಬಿಡುವಂತಿಲ್ಲ.

ತಡವಾದರೆ ನಿಮಗೆ ಏನು ಸಿಗಬೇಕು ಎಂಬುದೂ ಲೆಕ್ಕಕ್ಕಿದೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ, ಆಯ್ಕೆ ನಿಮ್ಮದು. ಒಂದು ಗಂಟೆಯೊಳಗಿನ ಹಾರಾಟವನ್ನು ಮೊದಲೇ ತಿಳಿಸದೆ ರದ್ದು ಮಾಡಿದರೆ 5,000 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು ಪರಿಹಾರ. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಪರಿಹಾರ ಇಲ್ಲ. ಬೆಂಗಳೂರಿನಿಂದ ಮುಂದಿನ ವಿಮಾನವನ್ನು ಬೇರೆ ಟಿಕೆಟಿನಲ್ಲಿ ತೆಗೆದಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ನಾಲ್ಕು ಗಂಟೆಯ ಅಂತರವಾದರೂ ಇಟ್ಟುಕೊಳ್ಳಿ, ವಿದೇಶದ ವಿಮಾನವಾದರೆ ಹಿಂದಿನ ದಿನವೇ ಹೊರಡಿ. ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು ಬದಲಾಗುತ್ತದೆ. ಆ ದಿನಗಳ ಆಚೆಗೆ ಮುಂಗಡ ಟಿಕೆಟ್ ತೆಗೆದವರು ತಿಂಗಳ ಮುಂಚೆ ಒಮ್ಮೆ ಸಮಯ ಖಚಿತ ಮಾಡಿಕೊಳ್ಳಬೇಕು.

ಸೀಟಿನ ಆಯ್ಕೆ. ಇಕಾನಮಿಯ ಮೊದಲ ನಾಲ್ಕು ಸಾಲು ರೆಕ್ಕೆಗಿಂತ ಮುಂದೆ, ಎಂಜಿನ್ ಸದ್ದು ಅಲ್ಲಿ ಕಡಿಮೆ, ಇಳಿಯುವುದೂ ಬೇಗ. ತೂರಾಟ ಆಗದವರು ರೆಕ್ಕೆಯ ಮೇಲಿನ ಸಾಲು ಹಿಡಿಯಿರಿ, ನೋಟ ಇರುವುದಿಲ್ಲ. ಕಡೆಯ ಸಾಲು ಬೇಡ, ಹಿಂದೆಯೇ ಶೌಚಾಲಯ. ರೆಕ್ಕೆಯ ಮೇಲೆ ತುರ್ತು ಬಾಗಿಲು 190ರಲ್ಲಿ ಉಂಟು, 175ರಲ್ಲಿ ಇಲ್ಲ. ಮುಂದೆ ಎರಡು, ಹಿಂದೆ ಎರಡು, ಅಷ್ಟೇ. ಕಾಲು ಚಾಚಲು ‘ತುರ್ತು ಬಾಗಿಲ ಸಾಲು’ ಹುಡುಕುವ ಅಭ್ಯಾಸ ಇಲ್ಲಿ ಫಲ ಕೊಡದು. ಬೆಂಗಳೂರಿನಿಂದ ಬರುವಾಗ ಎಡಗಡೆಯ ಕಿಟಕಿ ಪಶ್ಚಿಮಕ್ಕೆ: ಸಂಡೂರಿನ ಗುಡ್ಡಗಳು, ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ತುಂಗಭದ್ರಾ ಜಲಾಶಯ. ಹೋಗುವಾಗ ಅದೇ ನೋಟಕ್ಕೆ ಬಲಗಡೆ. ಬೆಳಗಿನ ಬಿಸಿಲು ಪೂರ್ವದ್ದು, ಆದ್ದರಿಂದ ಬೆಳಗಿನ ಹಾರಾಟದಲ್ಲಿ ನೋಟದ ಕಡೆಯೇ ನೆರಳೂ ಸಿಗುತ್ತದೆ.

ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಎಟಿಆರ್‌ಗೂ 145ಕ್ಕೂ ಬಾಗಿಲಿನಲ್ಲೇ ಮೆಟ್ಟಿಲು ಅಂಟಿಕೊಂಡಿರುತ್ತದೆ, ಮೆಟ್ಟಿಲು ಕಡಿಮೆ. 175ರ ಬಾಗಿಲು ನೆಲದಿಂದ ಎರಡೂವರೆ ಮೀಟರಿಗಿಂತ ಎತ್ತರ, ತಳ್ಳಿ ತರುವ ಏಣಿಗಾಡಿ ಬೇಕು. ಗಾಲಿಕುರ್ಚಿಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿ, ಹೊರಡುವ 48 ಗಂಟೆ ಮುಂಚೆ ಇನ್ನೊಮ್ಮೆ ಫೋನ್ ಮಾಡಿ, ಮೆಟ್ಟಿಲು ಹತ್ತಲು ಆಗುವುದೇ ಇಲ್ಲ ಎಂದಾದರೆ ಅದನ್ನು ಸ್ಪಷ್ಟವಾಗಿ ಹೇಳಿ. ಗಾಲಿಕುರ್ಚಿ ಎಂದಷ್ಟೇ ಬರೆಸಿದರೆ ಏಣಿಯ ಬುಡದವರೆಗೆ ಮಾತ್ರ ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಬಳ್ಳಾರಿ, ಹೊಸಪೇಟೆ ಎರಡರಿಂದಲೂ ತೋರಣಗಲ್ಲು ಮೂವತ್ತು ಕಿ.ಮೀ. ಆಸುಪಾಸು. ಹೆದ್ದಾರಿಯ ತುಂಬ ಅದಿರಿನ ಲಾರಿ, ಅದಕ್ಕೆ ಒಂದು ತಾಸು ಹಿಡಿಯಿರಿ. ಕೌಂಟರು ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಬೇಕು. ಕೊಪ್ಪಳದಿಂದ ಸುಮಾರು 65 ಕಿ.ಮೀ. ರಾಯಚೂರಿನವರಿಗೆ ಮಾತ್ರ ಈ ನಿಲ್ದಾಣ ದೂರ, 150 ಕಿ.ಮೀ. ಮೀರುತ್ತದೆ. ಅವರಿಗೆ ಇನ್ನೂರು ಕಿ.ಮೀ. ಒಳಗಿರುವ ಶಂಷಾಬಾದೇ ಇವತ್ತಿಗೂ ಲಾಭ, ಅಲ್ಲಿ ದಿನವಿಡೀ ವಿಮಾನಗಳಿವೆ.

ರಾಯಚೂರಿಗೆ ಯರಮರಸ್‌ನಲ್ಲಿ ಸ್ವಂತ ನಿಲ್ದಾಣದ ಯೋಜನೆ ಇದೆ. ಚರ್ಚೆಯೆಲ್ಲ ರನ್‌ವೇ ಉದ್ದದ ಸುತ್ತಲೇ ನಡೆಯುತ್ತದೆ. 175 ಬರಬೇಕಾದರೆ ಅಷ್ಟೇ ಸಾಲದು. ಅಗ್ನಿಶಾಮಕ ವ್ಯವಸ್ಥೆಯ ದರ್ಜೆ ನಿಗದಿಯಾಗುವುದು ವಿಮಾನದ ಉದ್ದದ ಮೇಲೆ. 27 ಮೀಟರಿನ ಎಟಿಆರ್ 72ಕ್ಕೆ 5ನೇ ದರ್ಜೆ ಸಾಕು: ಒಂದು ಅಗ್ನಿಶಾಮಕ ವಾಹನ, ಬೆಂಕಿ ಆರಿಸುವ ಬಿ ದರ್ಜೆಯ ನೊರೆಗೆ (ಫೋಮ್) 5,400 ಲೀಟರ್ ನೀರು. 28 ಮೀಟರ್ ಮುಟ್ಟಿದ ವಿಮಾನಕ್ಕೆ 6ನೇ ದರ್ಜೆ: ಎರಡು ವಾಹನ, 7,900 ಲೀಟರ್. ಹಾರಾಟಗಳ ಸಂಖ್ಯೆ ಕಡಿಮೆ ಇರುವ ಆರಂಭದ ದಿನಗಳಲ್ಲಿ ಒಂದು ದರ್ಜೆಯ ವಿನಾಯಿತಿ ಸಿಗಬಹುದು, ಸೇವೆ ಬೆಳೆದ ಮೇಲೆ ಸಿಗದು. ಎರಡನೆಯ ವಾಹನಕ್ಕೆ ಶೆಡ್ಡು, ಅದಕ್ಕೆ ತರಬೇತಾದ ಸಿಬ್ಬಂದಿ, ಏಣಿಗಾಡಿ, ನೆಲದಿಂದ ಗಾಳಿ ಮತ್ತು ಕರೆಂಟು ಕೊಡುವ ಗಾಡಿ, ಇವೆಲ್ಲ ಮೊದಲ ನಕ್ಷೆಯಲ್ಲೇ ಇರಬೇಕು. 45 ಡಿಗ್ರಿಯ ಹತ್ತಿರ ಹೋಗುವ ರಾಯಚೂರಿನ ಮೇ ತಿಂಗಳಿಗೆ ಲೆಕ್ಕ ಹಾಕಿದ ರನ್‌ವೇ ಉದ್ದವೂ ಅದೇ ನಕ್ಷೆಯಲ್ಲಿ ಇರಬೇಕು.